ಬಿಳಿ ಪಾಪೆ

ಕುರುಗೋಡು
4 ನವೆಂಬರ್ 2024

ಚೈತ್ರಾ,

ಕಾಗದ ನೋಡಿ ಬೆಚ್ಚಬೇಡ. ಬರೆದವಳು ನಾನೇ, ಗಂಗೋತ್ರಿ. ನನ್ನ ಮದುವೆಗೆ ನೀನು ಬರಲಿಲ್ಲವೆಂದು ನಾನು ಮಾತು ಬಿಟ್ಟೆ, ನಾನು ಬಿಟ್ಟೆನೆಂದು ನೀನೂ ಬಿಟ್ಟೆ. ಆ ಜಗಳ ಹಾಗೇ ಇರಲಿ, ಆಮೇಲೆ ಪುರಸೊತ್ತಿನಲ್ಲಿ ಆಡೋಣ. ಈಗ ನನಗೆ ಹೆದರಿಕೆಯಾಗಿದೆ. ನೀನು ಬಳ್ಳಾರಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೀಯೆಂದು ಗೊತ್ತು. ಅದಕ್ಕೇ ಕಾಲೇಜಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಎರಡನೇ ಹೆರಿಗೆಗೆ ತವರಿಗೆ ಬಂದಿದ್ದೇನೆ. ಹೆಣ್ಣು ಕೂಸು, ಚೆನ್ನಾಗಿದೆ. ಅವ್ವ ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾಳೆ. ಕಿಟಕಿಗೆ ಕಂಬಳಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಂಜೆಯಾದರೆ ಲೋಬಾನದ ಹೊಗೆ. ಮೊಬೈಲಿನ ಬೆಳಕಿಗೆ ಬಾಣಂತಿಯ ಕಣ್ಣು ಹೋಗುತ್ತವೆಂದು ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಪೆನ್ನು, ಕಾಗದ ಕೇಳಿದರೆ ಸ್ವಲ್ಪ ಯೋಚಿಸಿ, "ಕಾಗದಕ್ಕ ಬೆಳಕು ಇರಂಗಿಲ್ಲ, ಬರಕೋ" ಅಂದಳು. ಅವ್ವನ ಕಾಯಿದೆ ಅವ್ವನಿಗೇ ಗೊತ್ತು.

ವಿಷಯ ಇದು. ನನ್ನ ಮಗ ವಿರೂಪಾಕ್ಷಿಗೆ ಎರಡು ವರ್ಷ ತುಂಬಿದೆ. ಸಂಜೆ ಅವ್ವ ಕೆಂಡಕ್ಕೆ ಲೋಬಾನ ಹಾಕುವ ಹೊತ್ತಿಗೆ ಅವನು ಒಳಗೆ ಓಡಿ ಬರುತ್ತಾನೆ. ಮೊನ್ನೆ ಹಾಗೆ ಬಂದು ನನ್ನ ಕಡೆ ತಿರುಗಿದಾಗ ಅವನ ಎಡಗಣ್ಣು ಬೆಳ್ಳಗೆ ಹೊಳೆಯಿತು. ಗುಡ್ಡೆಯ ಬಿಳಿಯಲ್ಲ, ನಡುವೆ ಕಪ್ಪು ಇರಬೇಕಾದ ಜಾಗ. ಒಳಗೆ ಯಾರೋ ಸುಣ್ಣ ಬಳಿದಂತಿತ್ತು. ಬಲಗಣ್ಣು ಸರಿಯಿತ್ತು. ಅವನು ತಲೆ ತಿರುಗಿಸಿದ ಕೂಡಲೇ ಹೋಯಿತು. ಮರುದಿನ ಸಂಜೆ ಮತ್ತೆ ಕಂಡಿತು.

ಅವ್ವನಿಗೆ ತೋರಿಸಿದೆ. "ದೀಪದ ಬೆಳಕು ಬಿದ್ದೈತಿ ಬಿಡು" ಅಂದಳು. ಕೂಸಿನ ತೂಕ ನೋಡಲು ಬರುವ ಆಶಾ ಕಾರ್ಯಕರ್ತೆ ನಾಗಲಕ್ಷ್ಮಿ ಅವನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ನೋಡಿದಳು. ಏನೂ ಇಲ್ಲ. ಸಿರುಗುಪ್ಪದಿಂದ ಇವರು ಭಾನುವಾರ ಬಂದಾಗ ಅಂಗಳದಲ್ಲೇ ಎತ್ತಿಕೊಂಡು ನೋಡಿದರು. ಏನೂ ಇಲ್ಲ. ಬಾಣಂತಿಯ ಕೋಣೆಗೆ ಗಂಡಸರು ಬರಬಾರದಲ್ಲ, ಬಾಗಿಲಾಚೆ ನಿಂತೇ "ಸರಿಯಾಗಿ ನಿದ್ದಿ ಮಾಡು" ಎಂದು ಹೇಳಿ ಹೋದರು. ಆಚೆ ಕೂತ ಹೆಂಗಸರು "ಈಕಿಗೆ ಸನ್ನಿ ತಿರುಗೈತಿ" ಅಂತ ಮಾತಾಡಿಕೊಳ್ಳುವುದು ಹತ್ತಿ ಇಟ್ಟ ಕಿವಿಗೂ ಕೇಳಿಸಿತು.

ಹಾಸ್ಟೆಲಿನಲ್ಲಿ ಒಂದೊಂದು ಪದವನ್ನೂ ಬಿಡಿಸಿ, ಮೂಲ ಹೇಳಿ ನನ್ನ ತಲೆ ತಿನ್ನುತ್ತಿದ್ದೆಯಲ್ಲ. ಈ ಬಿಳುಪಿಗೆ ಏನೆನ್ನುತ್ತಾರೆ? ಹೆಸರು ಗೊತ್ತಾದರೆ ನನಗೆ ಅರ್ಧ ಧೈರ್ಯ ಬರುತ್ತದೆ. ಬೇಗ ಬರಿ.

ನಿನ್ನ
ಗಂಗೋತ್ರಿ


ಬಳ್ಳಾರಿ
8 ನವೆಂಬರ್ 2024

ಗಂಗಾ,

ನಿನ್ನ ಕಾಗದ ಬಂತು. ಸ್ಟಾಫ್ ರೂಮಿನಲ್ಲಿ ನಿಂತೇ ಓದಿದೆ.

ನಡುವಿನ ಕಪ್ಪಿಗೆ ನಾವು ಪಾಪೆ ಎನ್ನುತ್ತೇವೆ, ಅಂದರೆ ಗೊಂಬೆ. ಎದುರಿನವರ ಕಣ್ಣಿನಲ್ಲಿ ನಮ್ಮದೇ ಪುಟ್ಟ ಬಿಂಬ ಗೊಂಬೆಯಂತೆ ಕಾಣುತ್ತದಲ್ಲ, ಅದಕ್ಕೆ. ತೆಲುಗಿನವರೂ ಕಂಟಿಪಾಪ ಎನ್ನುತ್ತಾರೆ. ಸಂಸ್ಕೃತದ ಕನೀನಿಕೆ ಎಂದರೆ ಕಣ್ಣಿನ ಪಾಪೆಯೂ ಹೌದು, ಚಿಕ್ಕ ಹುಡುಗಿಯೂ ಹೌದು. ಇಂಗ್ಲಿಷಿನ ಪ್ಯೂಪಿಲ್ ಲ್ಯಾಟಿನ್ನಿನಿಂದ ಬಂದದ್ದು, ಅಲ್ಲೂ ಗೊಂಬೆಯೇ. ಗ್ರೀಕರು ಕೋರೆ ಎಂದರು, ಹುಡುಗಿ ಎಂದೇ ಅರ್ಥ. ಒಬ್ಬರನ್ನೊಬ್ಬರು ನೋಡದ ಜನ ಕಣ್ಣಿನೊಳಗೆ ಒಂದೇ ಗೊಂಬೆಯನ್ನು ಕಂಡಿದ್ದಾರೆ.

ಆ ಗೊಂಬೆ ಇರುವ ಜಾಗ ನಿಜವಾಗಿ ಒಂದು ಕಿಂಡಿ. ಬಿಸಿಲಿನಲ್ಲಿ ಕಿರಿದಾಗುತ್ತದೆ, ಕತ್ತಲಲ್ಲಿ ಅಗಲವಾಗುತ್ತದೆ. ಅಗಲವಾದಾಗ ಮಾತ್ರ ಒಳಗೆ ಇರುವುದು ಕಾಣಬಹುದು. ಅಂಗಳದಲ್ಲಿ ನೋಡಿದವರು ಸುಳ್ಳು ಹೇಳಿಲ್ಲ. ನೀನು ನೋಡಿದ್ದೂ ಸುಳ್ಳಲ್ಲ.

ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಬಾಣಂತನ ಮುಗಿಯಲಿ ಅನ್ನಬೇಡ. ಅಮಾವಾಸ್ಯೆ, ಹುಣ್ಣಿಮೆ ನೋಡಬೇಡ. ಇದನ್ನು ಓದಿದ ದಿನವೇ ಹೊರಡಿಸು.

ನಿನ್ನ
ಚೈತ್ರಾ


ಕುರುಗೋಡು
14 ನವೆಂಬರ್ 2024

ಚೈತ್ರಾ,

ನಾನು ಕೇಳಿದ್ದು ಬಿಳುಪಿನ ಹೆಸರು. ನೀನು ಪಾಪೆಯ ಹೆಸರನ್ನು ಐದಾರು ಭಾಷೆಗಳಲ್ಲಿ ಹೇಳಿ, ಬಿಳುಪಿನ ಹೆಸರು ಬಿಟ್ಟೆ. ನೀನು ಹೆಸರು ಬಿಡುವವಳಲ್ಲ ಲೇ. ಹಾಸ್ಟೆಲಿನ ಒಗ್ಗರಣೆ ಮಂಡಕ್ಕಿಗೂ ಮೂಲ ಹುಡುಕಿದವಳು. ಹಾಗಾದರೆ ಅದು ಕೆಟ್ಟದ್ದೇ ಇರಬೇಕು. ಕಾಗದ ಓದಿ ಮುಗಿಸಿದಾಗ ಮೊಲೆ ಕುಡಿಯುತ್ತಿದ್ದ ಕೂಸು ಅತ್ತಿತು. ನಾನು ಅದನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಇಲ್ಲಿ ಆಗಿದ್ದು ಕೇಳು. ಡಾಕ್ಟರ ಹತ್ತಿರ ಕಳಿಸು ಎಂದು ಅವ್ವನ ಕಾಲು ಹಿಡಿದೆ. ಅವ್ವ ಕಾಲು ಬಿಡಿಸಿಕೊಂಡು ಹೊರಗೆ ಹೋದಳು. ಅವತ್ತಿನಿಂದ ವಿರೂಪಾಕ್ಷಿಯನ್ನು ನನ್ನ ಕೋಣೆಗೆ ಬಿಡುವುದನ್ನೇ ನಿಲ್ಲಿಸಿದ್ದಾಳೆ. "ದೊಡ್ಡ ಹುಡುಗನ ದೃಷ್ಟಿ ಕೂಸಿಗೆ ತಾಕ್ತೈತಿ" ಅನ್ನುತ್ತಾಳೆ. ಅವನು ಹೊರಗೆ ಬಾಗಿಲು ಬಡಿಯುತ್ತಾನೆ. "ಅವ್ವಾ, ತಗಿ" ಅನ್ನುತ್ತಾನೆ. ನಾನು ಒಳಗೆ ಕೂತು ಅವನ ಕಣ್ಣಿನಲ್ಲಿ ಅದು ದೊಡ್ಡದಾಗುತ್ತಿರಬಹುದೇ ಎಂದು ಯೋಚಿಸುತ್ತೇನೆ. ಯಾರನ್ನೋ ಕರೆಸಿ ನನ್ನ ತೋಳಿಗೆ ದಾರ ಕಟ್ಟಿಸಿದ್ದಾರೆ. ಸನ್ನಿ ಇಳಿಯಲಿ ಎಂದು ಕಿಟಕಿಯ ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಬಿದ್ದಿದೆ.

ನನಗೇ ಅನುಮಾನ ಶುರುವಾಗಿದೆ. ಊಟ ರುಚಿಸುವುದಿಲ್ಲ, ಗೋಡೆಯ ಮೇಲೆ ಬಿಳಿ ಚುಕ್ಕೆ ಕಂಡಂತಾಗುತ್ತದೆ. ನನಗೆ ನಿಜವಾಗಿಯೂ ಸನ್ನಿಯೇ? ಸನ್ನಿ ಎಂದರೇನು, ಅದನ್ನಾದರೂ ಸರಿಯಾಗಿ ಹೇಳು.

ಇನ್ನೊಂದು. ನಗಬೇಡ. ವಿರೂಪಾಕ್ಷ ಎಂದರೆ ಕಣ್ಣು ವಿರೂಪವಾದವನು ಎಂದು ನೀನೇ ಒಮ್ಮೆ ಹಂಪಿಯಲ್ಲಿ ನಿಂತು ಹೇಳಿದ್ದೆ. ಅತ್ತೆಯ ಮನೆದೇವರೆಂದು ಆ ಹೆಸರು ಇಟ್ಟೆವು. ಅದಕ್ಕೇ ಹೀಗಾಯಿತೇ?

ಬಿಳುಪಿನ ಹೆಸರು ಬರಿ. ಈ ಸಲ ತಪ್ಪಿಸಿಕೊಳ್ಳಬೇಡ.

ಗಂಗೋತ್ರಿ


ಬಳ್ಳಾರಿ
18 ನವೆಂಬರ್ 2024

ಗಂಗಾ,

ಬರೆಯುತ್ತೇನೆ. ಕೂತು ಓದು, ಕೂಸನ್ನು ಪಕ್ಕಕ್ಕೆ ಮಲಗಿಸು.

ನೀನು ಕಂಡದ್ದಕ್ಕೆ ಲ್ಯೂಕೋಕೋರಿಯಾ ಎನ್ನುತ್ತಾರೆ. ಲ್ಯೂಕೋ ಎಂದರೆ ಗ್ರೀಕಿನಲ್ಲಿ ಬಿಳಿ, ಕೋರೆ ಹಿಂದೆ ಹೇಳಿದ ಹುಡುಗಿ. ಬಿಳಿ ಪಾಪೆ, ಅಷ್ಟೇ. ಅದು ರೋಗದ ಹೆಸರಲ್ಲ, ಒಳಗೆ ಏನೋ ಇದೆ ಎಂಬ ಗುರುತು. ಮಕ್ಕಳಿಗೂ ಪೊರೆ ಬರುತ್ತದೆ, ಅದಿರಬಹುದು. ಬೇರೆ ಸಣ್ಣಪುಟ್ಟದ್ದೂ ಇರಬಹುದು. ಆದರೆ ನಾನು ಬರೆಯಲು ಹೆದರಿದ ಹೆಸರು ಒಂದಿದೆ. ರೆಟಿನೋಬ್ಲಾಸ್ಟೋಮಾ. ರೆಟಿನಾ ಎಂದರೆ ಕಣ್ಣಿನ ಹಿಂಗೋಡೆಗೆ ಹರಡಿದ ಪರದೆ. ಬಲೆ ಎಂಬ ಪದದಿಂದ ಬಂದದ್ದು. ಬ್ಲಾಸ್ಟ್ ಎಂದರೆ ಮೊಳಕೆ. ಓಮಾ ಎಂದರೆ ಗಂಟು. ಬಲೆಯಲ್ಲಿ ಬೆಳೆದು ನಿಲ್ಲಬೇಕಾಗಿದ್ದ ಎಳೆಯ ಜೀವಕೋಶ ಮೊಳಕೆಯಾಗಿಯೇ ಉಳಿದು, ಬೆಳೆಯುತ್ತಲೇ ಹೋಗುವುದು. ಅದು ಕ್ಯಾನ್ಸರ್. ಹೊತ್ತಿಗೆ ಸರಿಯಾಗಿ ಹಿಡಿದರೆ ಮಗು ಉಳಿಯುತ್ತದೆ. ಬಿಟ್ಟರೆ ಕಣ್ಣಿನ ನರ ಹಿಡಿದು ಮಿದುಳಿಗೆ ಹೋಗುತ್ತದೆ. ಅದೇ ಎಂದು ನಾನು ಹೇಳುತ್ತಿಲ್ಲ. ಅದಲ್ಲ ಎಂದು ಡಾಕ್ಟರು ಹೇಳುವವರೆಗೆ ಸುಮ್ಮನಿರಬಾರದು.

ಸನ್ನಿ ಎಂದರೆ ಸನ್ನಿಪಾತ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಬಂದು ಬೀಳುವುದು. ಹೆರಿಗೆಯ ನಂತರ ಕೆಲವರ ಮನಸ್ಸು ಕೆಡುವುದು ನಿಜ, ಅದಕ್ಕೂ ದಾರವಲ್ಲ, ಡಾಕ್ಟರೇ ಬೇಕು. ಆದರೆ ಒಂದೇ ಕಣ್ಣು, ಒಂದೇ ಜಾಗ, ಕತ್ತಲಲ್ಲಿ ಕಂಡು ಬಿಸಿಲಿನಲ್ಲಿ ಮಾಯ. ಇಷ್ಟು ಕರಾರುವಾಕ್ಕಾಗಿ ಬರೆದವಳಿಗೆ ಸನ್ನಿ ಎಂದು ನಾನು ನಂಬುವುದಿಲ್ಲ.

ಹೆಸರಿನಿಂದ ರೋಗ ಬರುವ ಹಾಗಿದ್ದರೆ ಹೊಸಪೇಟೆಯಿಂದ ಹಂಪಿಯವರೆಗೆ ಮನೆಗೊಬ್ಬನಿಗೆ ಬರಬೇಕಿತ್ತು. ಆ ಯೋಚನೆ ಬಿಡು.

ನಿನ್ನೆ ಸಿರುಗುಪ್ಪಕ್ಕೆ ಹೋಗಿದ್ದೆ. ಕುರುಗೋಡಿಗೇ ಬರುತ್ತಿದ್ದೆ, ಆದರೆ ಮಗನನ್ನು ಎತ್ತಿಕೊಂಡು ಹೊರಡಲು ಯಾರನ್ನೂ ಕೇಳಬೇಕಿಲ್ಲದವರು ಅವನ ಅಪ್ಪ. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ತುಂಬ ಭತ್ತದ ಲಾರಿಗಳು. ಅಕ್ಕಿ ಗಿರಣಿಯ ಧೂಳಿನಲ್ಲಿ ನಿನ್ನ ಗಂಡ ದೊಡ್ಡಬಸವರಾಜ ಅವರನ್ನು ಹುಡುಕಿದೆ. ಮೊದಲು, "ಬಾಣಂತಿ ಮಾತಿಗೆ ನೀವೂ ಇಲ್ಲೀತನ ಬಂದ್ರೇನ್ರಿ ಅಕ್ಕಾರ" ಎಂದು ನಕ್ಕರು. ನಾನು ನಗಲಿಲ್ಲ. "ಬಿಸಿಲಾಗ ನೋಡಿದ್ದು ಸಾಕಣ್ಣ. ಆಕಿ ಕೋಣ್ಯಾಗ ನಿಂತು ಒಂದು ಸಲ ನೋಡ್ರಿ. ಫೋನಿನ ಲೈಟ್ ಹಾಕಿ ಫೋಟೊ ತಗೀರಿ" ಅಂದೆ. "ಗಂಡಸ್ರು ಆ ಕೋಣಿಗೆ ಹೋಗಂಗಿಲ್ರಿ" ಅಂದರು. ಆಮೇಲೆ "ಬರೋ ಐತವಾರ ಹೋಗ್ತೀನಿ" ಅಂದರು. ಅಷ್ಟು ದಿನ ಯಾಕೆ ಎಂದೆ. ಗಿರಣಿ ಬಿಡುವ ಹಾಗಿಲ್ಲವಂತೆ. ನನಗೆ ಕಿರುಚಬೇಕೆನಿಸಿತು.

ಚೈತ್ರಾ


ಕುರುಗೋಡು
24 ನವೆಂಬರ್ 2024, ಐತವಾರ

ಚೈತ್ರಾ,

ಇವರು ಇವತ್ತು ಬೆಳಿಗ್ಗೆ ಬಂದರು. ನೀರು ಕೂಡ ಕುಡಿಯದೆ ವಿರೂಪಾಕ್ಷಿಯನ್ನು ಎತ್ತಿಕೊಂಡು ನನ್ನ ಕೋಣೆಯ ಕಡೆ ನಡೆದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ಹೋಗಬ್ಯಾಡ್ರಿ ಅಳಿಯಂದ್ರ. ನಡಿಯಂಗಿಲ್ಲ."

"ದಾರಿ ಬಿಡ್ರಿ ಅತ್ತಿ."

ನಮ್ಮ ಮನೆಯಲ್ಲಿ ಇವರು ದನಿ ಎತ್ತಿದ್ದು ಅದೇ ಮೊದಲು. ಅವ್ವ ಸರಿದಳು. ಇವರು ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿ, ಮಗನನ್ನು ನನ್ನ ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆದರು. ತೆಗೆದು ನೋಡಿದವರು ಹಾಗೇ ಗೋಡೆಗೆ ಒರಗಿದರು. ಫೋನನ್ನು ನನಗೆ ಕೊಟ್ಟರು. ಬಲಗಣ್ಣಿನ ನಡುವೆ ಕೆಂಪು, ಎಡಗಣ್ಣಿನ ನಡುವೆ ಬಿಳಿ. ವಿರೂಪಾಕ್ಷಿ ಫೋಟೊದಲ್ಲಿ ನಗುತ್ತಿದ್ದ. ನನಗೆ ಸನ್ನಿ ಇಲ್ಲವೆಂದು ಗೊತ್ತಾಯಿತು. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಅವ್ವ ಫೋಟೊ ನೋಡಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು. ಯಾರೂ ಕೇಳದೆ ತಾನೇ ಹೇಳತೊಡಗಿದಳು.

"ನನ್ನ ತಮ್ಮ ಸುಂಕಣ್ಣಗೂ ಹಿಂಗ ಇತ್ತು. ನಾವು ಹುಡುಗ್ರು ಅವನ್ನ ಕತ್ತಲಾಗ ನಿಂದರ್ಸಿ, ಬೆಕ್ಕಿನ ಕಣ್ಣು ತೋರ್ಸಲೇ ಅಂತಿದ್ವಿ. ಅವ ನಕ್ಕೋಂತ ತೋರಿಸ್ತಿದ್ದ. ಆಮ್ಯಾಲ ಕಣ್ಣು ಊದ್ತು. ಹೊರಗ ಬಂತು. ಸಾಲಿಗೆ ಹಾಕಬೇಕು ಅನ್ನೂವಾಗ ಹೋದ. ಏನು ಜಡ್ಡು ಅಂತ ಯಾರೂ ಹೇಳಲಿಲ್ಲ."

ನನಗೆ ಒಬ್ಬ ಸೋದರಮಾವ ಇದ್ದನೆಂದೇ ಗೊತ್ತಿರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಿದೆ.

"ನೀ ತೋರ್ಸಿದ ದಿನಾನ ನನಗ ಗೊತ್ತಾತು" ಅಂದಳು. "ನಿನಗ ಸನ್ನಿ ಅಂದ್ರ, ಅದು ಸುಳ್ಳು ಆಗ್ತೈತಿ ಅಂತ ಅನ್ಕೊಂಡೆ."

ಅವಳಿಗೆ ಏನೂ ತಿಳಿಯದು ಎಂದು ಇಷ್ಟು ದಿನ ಸಿಟ್ಟು ಮಾಡಿದೆನಲ್ಲ ಚೈತ್ರಾ. ನಮ್ಮೆಲ್ಲರಿಗಿಂತ ಹೆಚ್ಚು ತಿಳಿದವಳು ಅವಳೇ. ಅವಳನ್ನು ಬೈಯುವುದೋ ಅಪ್ಪಿಕೊಳ್ಳುವುದೋ ಗೊತ್ತಾಗಲಿಲ್ಲ. ಎರಡನ್ನೂ ಮಾಡಲಿಲ್ಲ.

ನಾಳೆ ಮೊದಲ ಬಸ್ಸಿಗೆ ಬಳ್ಳಾರಿಗೆ ಬರುತ್ತೇವೆ. ನಾನೂ ಬರುತ್ತೇನೆ, ಕೂಸಿನ ಜತೆಗೆ. ಅವ್ವ ಬೇಡವೆನ್ನಲಿಲ್ಲ. ಬೀರು ತೆರೆದು ಮೊಬೈಲ್ ಕೊಟ್ಟಳು. ಈ ಕಾಗದವನ್ನು ನಾಳೆ ನಿನ್ನ ಕೈಗೇ ಕೊಡುತ್ತೇನೆ. ಬಾಯಲ್ಲಿ ಇದನ್ನೆಲ್ಲ ಹೇಳಲು ನನ್ನಿಂದಾಗದು.

ಗಂಗೋತ್ರಿ


ಹೈದರಾಬಾದ್
3 ಡಿಸೆಂಬರ್ 2024

ಚೈತ್ರಾ,

ಬಳ್ಳಾರಿಯ ಡಾಕ್ಟರು ಕಣ್ಣಿಗೆ ಹನಿ ಹಾಕಿ ನೋಡಿ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನೀನು ನನ್ನ ಕೈ ಹಿಡಿದುಕೊಂಡೆಯಲ್ಲ, ಆ ಹೆಸರು ಅವರೇ ಕಳಿಸಿದ ಇಲ್ಲಿನ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಖಾತ್ರಿಯಾಯಿತು. ಎಡಗಣ್ಣು ತುಂಬ ಅದೇ ಇದೆ. ಆ ಕಣ್ಣಿಗೆ ಈಗ ಏನೂ ಕಾಣುವುದಿಲ್ಲವಂತೆ. ಎಂದಿನಿಂದ ಕಾಣುತ್ತಿರಲಿಲ್ಲವೋ ಯಾರಿಗೆ ಗೊತ್ತು, ಅವನು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿ ನಗುತ್ತಿದ್ದ. ಕೂಸಿನ ಕಣ್ಣನ್ನೂ ನೋಡಿದರು. ಸದ್ಯಕ್ಕೆ ಏನೂ ಇಲ್ಲ, ಆದರೆ ತಿಂಗಳಿಗೊಮ್ಮೆ ನೋಡಲೇಬೇಕು ಎಂದರು.

ಎನ್ಯೂಕ್ಲಿಯೇಷನ್ ಮಾಡಬೇಕಂತೆ. ಕಣ್ಣು ತೆಗೆಯುವುದು ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಇವರು ಸಹಿ ಹಾಕುತ್ತಿಲ್ಲ. "ಕಣ್ಣು ಕೀಳಿಸಿ ಮಗನ್ನ ಹೆಂಗ ಊರಿಗೆ ಕರ್ಕೊಂಡು ಹೋಗ್ಲಿ? ಸ್ವಲ್ಪ ತೆಗೆದು ಸ್ವಲ್ಪ ಉಳಿಸಾಕ ಆಗಂಗಿಲ್ಲೇನು?" ಎಂದು ಕಂಡ ನರ್ಸುಗಳನ್ನೆಲ್ಲ ಕೇಳುತ್ತಾರೆ. ಮೋಕ ಊರಿನ ಹತ್ತಿರ ಯಾರೋ ಗಿಡದ ರಸ ಹಾಕುತ್ತಾರೆಂದು ಊರಿನಿಂದ ಫೋನು ಬಂದಿದೆ. ಮೊದಲು ಅಲ್ಲಿಗೆ ಹೋಗೋಣ ಎನ್ನುತ್ತಾರೆ. ನನಗೂ ಒಳಗೊಳಗೆ ಆಸೆಯಾಗುತ್ತಿದೆ, ಅದೇ ನನ್ನ ಭಯ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಳುತ್ತೇನೆ, ಏನೂ ತಲೆಗೆ ಹೋಗುವುದಿಲ್ಲ. ಈ ಕಾಗದದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಆ ಪದವನ್ನು ಬಿಡಿಸಿ ಬರೆದು ಹಾಗೇ ಕಳಿಸು. ಇವರಿಗೂ ಓದಿ ಹೇಳುತ್ತೇನೆ.

ಗಂಗೋತ್ರಿ


ಬಳ್ಳಾರಿ
3 ಡಿಸೆಂಬರ್ 2024

ಗಂಗಾ, ಬಸವರಾಜಣ್ಣ,

ನ್ಯೂಕ್ಲಿಯಸ್ ಎಂದರೆ ಲ್ಯಾಟಿನ್ನಿನಲ್ಲಿ ಕಾಯಿಯೊಳಗಿನ ತಿರುಳು. ಎನ್ಯೂಕ್ಲಿಯೇಷನ್ ಎಂದರೆ ಚಿಪ್ಪಿನಿಂದ ತಿರುಳನ್ನು ಇಡಿಯಾಗಿ ಬಿಡಿಸುವುದು. ಕೊಯ್ಯುವುದಲ್ಲ, ಚೂರು ಮಾಡುವುದಲ್ಲ. ಆ ಪದದಲ್ಲೇ ಇಡಿ ಎಂಬುದು ಇದೆ. ಯಾಕೆಂದರೆ ಈ ಗಂಟು ಒಡೆದರೆ ಅದರ ಬೀಜ ಚೆಲ್ಲುತ್ತದೆ, ಚೆಲ್ಲಿದ ಕಡೆ ಮೊಳೆಯುತ್ತದೆ. ಸ್ವಲ್ಪ ತೆಗೆದು ಸ್ವಲ್ಪ ಉಳಿಸಿದರೆ ಮಗುವಿನ ಜೀವ ಉಳಿಯುವುದಿಲ್ಲ ಅಣ್ಣ. ಕಣ್ಣಿನ ಗೂಡು, ರೆಪ್ಪೆ, ಹುಬ್ಬು ಅವನವೇ ಇರುತ್ತವೆ. ಆಮೇಲೆ ಅಲ್ಲಿ ಒಂದು ಕಣ್ಣು ಮಾಡಿ ಕೂರಿಸುತ್ತಾರೆ, ನೋಡಿದವರಿಗೆ ಬೇಗ ಗೊತ್ತಾಗುವುದಿಲ್ಲ.

ನೀವು ಕಾಪಾಡಬೇಕೆಂದಿರುವ ಕಣ್ಣು ಈಗಾಗಲೇ ಹೋಗಿದೆ. ಇನ್ನೂ ಇರುವುದು ಮಗ. ಗಿಡದ ರಸದವನ ಹತ್ತಿರ ಹೋಗಿ ಬರುವಷ್ಟರಲ್ಲಿ ಅದು ನರ ಹಿಡಿದರೆ ನನ್ನ ಹತ್ತಿರ ಬಿಡಿಸಿ ಹೇಳಲು ಬೇರೆ ಪದ ಇಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ಸಹಿ ಹಾಕಿ.

ಚೈತ್ರಾ


ಕುರುಗೋಡು
20 ಫೆಬ್ರವರಿ 2025

ಚೈತ್ರಾ,

ಎರಡು ತಿಂಗಳಿನಿಂದ ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಾ ಬಂದೆ. ಇವತ್ತು ನೆಟ್ಟಗೆ ಕೂತು ಬರೆಯುತ್ತೇನೆ.

ವಿರೂಪಾಕ್ಷಿ ಚೆನ್ನಾಗಿದ್ದಾನೆ. ನಿನ್ನ ಕಾಗದ ಕೇಳಿ ಸಹಿ ಹಾಕಿದ ಇವರು, ತೆಗೆದ ಕಣ್ಣಿನ ನರದ ತುದಿಯಲ್ಲಿ ರೋಗ ಇರಲಿಲ್ಲ ಎಂದು ವರದಿ ಬಂದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತರು. ಹೊಸ ಕಣ್ಣು ಕೂರಿಸಿದ್ದಾರೆ. ಬೆಳಿಗ್ಗೆ ಎದ್ದರೆ ಇನ್ನೂ ಮೊದಲು ಅದನ್ನೇ ನೋಡುತ್ತೇನೆ.

ಹೋದ ವಾರ ಕೂಸಿನ ತಪಾಸಣೆಗೆ ಮತ್ತೆ ಹೈದರಾಬಾದಿಗೆ ಹೋಗಿದ್ದೆವು. ಈ ಸಲ ಅವ್ವ ನಾನೂ ಬರುತ್ತೇನೆಂದು ಹಟ ಹಿಡಿದಳು. ಕೂಸಿನ ಬಲಗಣ್ಣಿನ ಒಳಗೆ ಒಂದು ಚುಕ್ಕೆ ಸಿಕ್ಕಿತು, ಸಾಸಿವೆಗಿಂತ ಚಿಕ್ಕದು. ಡಾಕ್ಟರಮ್ಮ ಹೇಳುತ್ತಿದ್ದಂತೆ ನನ್ನ ಕಿವಿ ಮುಚ್ಚಿಹೋದವು. ಆಮೇಲೆ ಅವ್ವ ನನ್ನ ಭುಜ ಅಲ್ಲಾಡಿಸಿ ಹೇಳಿದಳು, ಇಷ್ಟು ಚಿಕ್ಕದಿರುವಾಗ ಸಿಕ್ಕಿದ್ದಕ್ಕೆ ಲೇಸರಿನಲ್ಲಿ ಸುಡಬಹುದಂತೆ, ಕಣ್ಣು ಉಳಿಯುತ್ತದಂತೆ. ಅಣ್ಣನಿಗೆ ಆಗದಿದ್ದರೆ ಈ ಕೂಸನ್ನು ಯಾರೂ ನೋಡುತ್ತಲೇ ಇರಲಿಲ್ಲ. ಅವತ್ತೇ ಸುಟ್ಟರು. ಇನ್ನೂ ವರ್ಷಗಟ್ಟಲೆ ಹೋಗುತ್ತಿರಬೇಕು, ಹೊಸ ಚುಕ್ಕೆ ಬರಬಹುದು. ಹೆದರಿಕೆ ಹೋಗಿಲ್ಲ ಚೈತ್ರಾ. ಅದರ ಜತೆಗೇ ಅಡುಗೆ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ.

ಡಿಸೆಂಬರಿನಲ್ಲೇ ನಮ್ಮ ರಕ್ತ ತೆಗೆದುಕೊಂಡಿದ್ದರು, ಅವ್ವನದನ್ನು ಬಳ್ಳಾರಿಯಿಂದ ಕಳಿಸಿದ್ದೆವು, ಅದರ ಫಲಿತಾಂಶವನ್ನೂ ಅವತ್ತೇ ಹೇಳಿದರು. ಮಕ್ಕಳಲ್ಲಿರುವ ವಂಶವಾಹಿಯ ದೋಷವೇ ನನ್ನಲ್ಲೂ ಅವ್ವನಲ್ಲೂ ಇದೆ. ಅಪರೂಪಕ್ಕೆ ಕೆಲವರಲ್ಲಿ ಅದು ಮೊಳೆಯುವುದೇ ಇಲ್ಲವಂತೆ. ಅವ್ವ ತೆಲುಗಿನಲ್ಲಿ ಡಾಕ್ಟರಮ್ಮನನ್ನು ಕೇಳಿದಳು, ಹಾಗಾದರೆ ಇದೆಲ್ಲ ನನ್ನ ಮನೆಯಿಂದಲೇ ಬಂದದ್ದೇ ಎಂದು. ಅದು ಯಾರ ತಪ್ಪೂ ಅಲ್ಲ ಎಂದರು ಅವರು. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕೂಸು ದೊಡ್ಡವಳಾಗಿ ಹಡೆದರೆ ಏನು ಮಾಡಬೇಕು ಎಂದು ಕೇಳಿದಳು. ಆ ಮಗುವಿನ ಕಣ್ಣನ್ನೂ ಹುಟ್ಟಿದ ಕೂಡಲೇ ತೋರಿಸಬೇಕು ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಅವ್ವ ನನ್ನ ಕಡೆ ತಿರುಗಿ, "ಬರಿ" ಅಂದಳು.

"ಏನು ಬರೀಲಿ?"

"ಇದನ್ನೆಲ್ಲ ಬರಿ. ಈಕಿ ಹಡಿಯೂ ಹೊತ್ತಿಗೆ ನಾ ಇರಂಗಿಲ್ಲ. ನೀ ಇರ್ತೀಯೋ ಇಲ್ಲೋ. ಹೇಳಾಕ ಯಾರೂ ಇಲ್ದಂಗ ಆಗಬಾರ್ದು. ನನ್ನಂಥಾಕಿ ಒಬ್ಬಾಕಿ ಇದ್ರೂ, ಬಾಯಿ ಮುಚ್ಕೊಂಡು ಕುಂದರ್ತಾಳ."

ನನ್ನ ಚೀಲದಲ್ಲಿದ್ದ ಕಾಗದ ತೆಗೆದೆ. ವಿರೂಪಾಕ್ಷಿಯ ಹೆಸರಿನಿಂದ ಶುರು ಮಾಡಿದೆ. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. ರೋಗದ ಹೆಸರನ್ನು ಹೇಳಿಸಿಕೊಂಡಳು. ನಾಲಿಗೆ ತಿರುಗಲಿಲ್ಲ, ಮತ್ತೆ ಹೇಳಿಸಿಕೊಂಡಳು. ಪಕ್ಕದ ಬೆಂಚಿನವರು ನೋಡುತ್ತಿದ್ದರೂ ಬಿಡದೆ, ಪೂರ್ತಿ ಬರುವ ತನಕ ಗಟ್ಟಿಯಾಗಿ ಹೇಳಿದಳು. ಆಮೇಲೆ ಅಂದಳು:

"ಮೊದ್ಲು ಸುಂಕಣ್ಣನ ಹೆಸ್ರು ಹಾಕು. ಈ ಜಡ್ಡಿಗೆ ಸತ್ತ ಅಂತ ಹಾಕು. ಅವ ಏನಾಗಿ ಸತ್ತ ಅಂತ ಹೇಳಾಕ ಇವತ್ತಿನ ತನಕ ನನಗ ಒಂದು ಹೆಸ್ರು ಇದ್ದಿಲ್ಲ."

ಅವನ ಹೆಸರನ್ನೇ ಮೊದಲು ಹಾಕಿದೆ. ಅವ್ವ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಓದಲು ಬಾರದಿದ್ದರೂ, ನಾನು ತೋರಿಸಿದ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.

ನಿನ್ನ
ಗಂಗೋತ್ರಿ